ವಂಶಲಾಂಛನವನ್ನು ಓದುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹಳೆಯ ಮನೆತನಗಳ ಲಾಂಛನಗಳಲ್ಲಿ ಕಾಣುವ ಸಿಂಹ, ಹಕ್ಕಿ, ಪಟ್ಟೆ, ಕಿರೀಟಗಳಿಗೆ ಏನರ್ಥ ಎಂದು ಕೇಳುವ ಕನ್ನಡಿಗರು ಹಲವರಿದ್ದಾರೆ. ಅವರಲ್ಲಿ ಕೆಲವರು ಆ ದೇಶಗಳಲ್ಲೇ ನೆಲೆಸಿದವರು, ಕೆಲವರು ಹಳೆಯ ಬೆಳ್ಳಿ ಸಾಮಾನು ಮತ್ತು ಪುಸ್ತಕಗಳನ್ನು ಸಂಗ್ರಹಿಸುವವರು, ಇನ್ನು ಕೆಲವರು ಮೈಸೂರಿನ ಗಂಡಭೇರುಂಡದಿಂದ ಈ ವಿಷಯಕ್ಕೆ ಬಂದವರು. ಪ್ರತಿಯೊಂದು ಚಿಹ್ನೆಗೂ ನಿಘಂಟಿನಲ್ಲಿ ಇರುವಂತೆ ಒಂದು ಅರ್ಥ ಇದ್ದೇ ಇರುತ್ತದೆ ಎಂಬ ನಂಬಿಕೆ ಈ ಪ್ರಶ್ನೆಗಳ ಹಿಂದೆ ಸಾಮಾನ್ಯವಾಗಿ ಇರುತ್ತದೆ. ಆ ನಂಬಿಕೆ ಸರಿಯಲ್ಲ. ಲಾಂಛನವು ಒಬ್ಬ ನಿರ್ದಿಷ್ಟ ವ್ಯಕ್ತಿಯ ಗುರುತು. ಅದು ಯಾರದು, ಯಾವ ಕಾಲದ್ದು, ಯಾವ ಸಂದರ್ಭದಲ್ಲಿ ಸಿಕ್ಕಿತು ಎಂಬುದನ್ನು ಬಿಟ್ಟು ಅದರ ಅರ್ಥ ಹೇಳಲು ಬರುವುದಿಲ್ಲ.

ವಂಶಲಾಂಛನ ಎಂದರೆ ಏನು? ಕದಂಬ, ಚಾಲುಕ್ಯರ ರಾಜಲಾಂಛನಗಳೂ ಇದೇ ಅಲ್ಲವೇ?

ಹತ್ತಿರದ ಸಂಬಂಧಿಗಳು ಎನ್ನಬಹುದು, ಒಂದೇ ಎನ್ನಲಾಗದು. ಕದಂಬರ ಸಿಂಹ, ಗಂಗರ ಆನೆ, ಬಾದಾಮಿ ಚಾಲುಕ್ಯರ ವರಾಹ ಇವು ರಾಜಮನೆತನದ ಮುದ್ರೆಗಳು. ತಾಮ್ರಶಾಸನದ ಬಳೆಯ ಮೇಲೆ, ನಾಣ್ಯದ ಮೇಲೆ ಅವು ರಾಜಾಜ್ಞೆಯ ಅಧಿಕೃತ ಗುರುತಾಗಿ ಬರುತ್ತವೆ. ಯುರೋಪಿನ ವಂಶಲಾಂಛನ ಹುಟ್ಟಿದ್ದು ಯೋಧನ ಗುರಾಣಿಯ ಮೇಲೆ. ಅದಕ್ಕೆ ಎರಡು ಲಕ್ಷಣಗಳುಂಟು: ಅದು ತಂದೆಯಿಂದ ಮಕ್ಕಳಿಗೆ ಆಸ್ತಿಯಂತೆ ಇಳಿದು ಬರುತ್ತದೆ, ಮತ್ತು ಅದರ ಬಣ್ಣ ಹಾಗೂ ವಿನ್ಯಾಸಗಳು ಕಟ್ಟುನಿಟ್ಟಾದ ನಿಯಮಗಳಿಗೆ ಒಳಪಟ್ಟಿರುತ್ತವೆ. ಈ ಎರಡೂ ಸೇರಿದಾಗ ಮಾತ್ರ ಅದನ್ನು ಹೆರಾಲ್ಡ್ರಿ, ಅಂದರೆ ಲಾಂಛನಶಾಸ್ತ್ರದ ವ್ಯಾಪ್ತಿಗೆ ಸೇರಿದ್ದು ಎನ್ನುತ್ತಾರೆ.

ಈ ಪದ್ಧತಿ ಯಾವಾಗ ಶುರುವಾಯಿತು?

ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ, ಪಶ್ಚಿಮ ಯುರೋಪಿನಲ್ಲಿ. ಆಂಜೂ ಪ್ರಾಂತ್ಯದ ಜೆಫ್ರಿಗೆ 1128ರಲ್ಲಿ ಅವನ ಮಾವ, ಇಂಗ್ಲೆಂಡಿನ ದೊರೆ ಒಂದನೆಯ ಹೆನ್ರಿ, ಚಿನ್ನದ ಸಿಂಹಗಳಿದ್ದ ಗುರಾಣಿಯೊಂದನ್ನು ಕೊಟ್ಟನೆಂದು ಮುಂದಿನ ತಲೆಮಾರಿನ ಚರಿತ್ರೆಕಾರನೊಬ್ಬ ಬರೆದಿದ್ದಾನೆ. ಜೆಫ್ರಿಯ ಸಮಾಧಿಗೆಂದು ಮಾಡಿದ ಎನಾಮಲ್ ಫಲಕ ಫ್ರಾನ್ಸಿನ ಲ ಮಾನ್ಸ್ ನಗರದಲ್ಲಿ ಇಂದಿಗೂ ಇದೆ. ಅದರಲ್ಲಿ ಅವನ ನೀಲಿ ಗುರಾಣಿಯ ಮೇಲೆ ಚಿನ್ನದ ಸಿಂಹಗಳು ಸ್ಪಷ್ಟವಾಗಿ ಕಾಣುತ್ತವೆ. 1226ರಲ್ಲಿ ತೀರಿಕೊಂಡ ಅವನ ಮೊಮ್ಮಗ ವಿಲಿಯಂ ಲಾಂಗ್‌ಸ್ಪೇಯ ಸಮಾಧಿ ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್‌ನಲ್ಲಿದೆ, ಅಲ್ಲಿನ ಗುರಾಣಿಯ ಮೇಲೂ ಸಿಂಹಗಳೇ ಇವೆ. ಅಜ್ಜನ ಗುರುತು ಮೊಮ್ಮಗನಿಗೆ ಬಂದದ್ದು ಹೀಗೆ ಕಲ್ಲಿನಲ್ಲಿ ಮತ್ತು ಲೋಹದಲ್ಲಿ ಉಳಿದಿರುವುದರಿಂದಲೇ ಈ ಶಾಸ್ತ್ರದ ಆರಂಭವನ್ನು ಹೇಳುವವರೆಲ್ಲ ಈ ಎರಡು ಸಮಾಧಿಗಳನ್ನು ನೆನೆಯುತ್ತಾರೆ.

ಪೂರ್ಣ ಲಾಂಛನದಲ್ಲಿ ಯಾವ ಯಾವ ಭಾಗಗಳಿರುತ್ತವೆ?

ಎಲ್ಲಕ್ಕಿಂತ ಮುಖ್ಯವಾದದ್ದು ನಡುವಿನ ಗುರಾಣಿ. ಅದೊಂದೇ ಇದ್ದರೂ ಲಾಂಛನ ಪೂರ್ಣವೇ. ಗುರಾಣಿಯ ಮೇಲೆ ಶಿರಸ್ತ್ರಾಣ, ಅದರ ನೆತ್ತಿಯ ಮೇಲೆ ಕ್ರೆಸ್ಟ್ ಎಂದು ಕರೆಯುವ ಶಿಖರಚಿಹ್ನೆ, ಹೆಗಲ ಮೇಲಿಂದ ಹರಿದು ಬಿದ್ದಂತೆ ಕಾಣುವ ಬಟ್ಟೆಯ ಸುರುಳಿಗಳು, ಕೆಳಗೆ ಪಟ್ಟಿಯ ಮೇಲೆ ಧ್ಯೇಯವಾಕ್ಯ. ಎರಡೂ ಬದಿಯಲ್ಲಿ ಗುರಾಣಿಯನ್ನು ಹಿಡಿದು ನಿಂತ ಪ್ರಾಣಿ ಅಥವಾ ಮನುಷ್ಯರನ್ನು ಆಧಾರಮೂರ್ತಿಗಳು ಎನ್ನಬಹುದು. ಇಂಗ್ಲೆಂಡಿನಲ್ಲಿ ಇವು ಲಾರ್ಡ್ ಪದವಿಯವರಿಗೆ, ಕೆಲವು ಉನ್ನತ ಗೌರವಗಳನ್ನು ಪಡೆದವರಿಗೆ ಮತ್ತು ಸಂಸ್ಥೆಗಳಿಗೆ ಮಾತ್ರ ಸಿಗುತ್ತವೆ.

ಇಡೀ ಲಾಂಛನವನ್ನೇ "ಫ್ಯಾಮಿಲಿ ಕ್ರೆಸ್ಟ್" ಎಂದು ಕರೆಯುವ ರೂಢಿ ತಪ್ಪು. ಕ್ರೆಸ್ಟ್ ಎಂದರೆ ಶಿರಸ್ತ್ರಾಣದ ಮೇಲಿರುವ ಚಿಹ್ನೆ ಮಾತ್ರ. ಅದನ್ನು ಬೆಳ್ಳಿ ಚಮಚದ ಹಿಡಿಯ ಮೇಲೆ, ಉಂಗುರದ ಮೇಲೆ ಪ್ರತ್ಯೇಕವಾಗಿ ಕೆತ್ತಿಸುತ್ತಿದ್ದರು. ಗೊಂದಲ ಬಹುಶಃ ಅಲ್ಲಿಂದಲೇ ಬಂದಿದೆ.

ಎಡ, ಬಲಗಳನ್ನು ಹೇಳುವಾಗ ಯಾಕೆ ತಿರುಗುಮುರುಗಾಗಿ ಹೇಳುತ್ತಾರೆ?

ಗುರಾಣಿಯನ್ನು ಹಿಡಿದವನ ಬಲಗೈ ಕಡೆ ಯಾವುದೋ ಅದು ಬಲ. ಎದುರು ನಿಂತು ನೋಡುವ ನಮಗೆ ಅದು ಎಡ. ಶಾಸ್ತ್ರದ ಪರಿಭಾಷೆಯಲ್ಲಿ ಬಲಭಾಗವನ್ನು ಡೆಕ್ಸ್ಟರ್ ಎಂದೂ ಎಡಭಾಗವನ್ನು ಸಿನಿಸ್ಟರ್ ಎಂದೂ ಕರೆಯುತ್ತಾರೆ. ಬಲಭಾಗಕ್ಕೆ ಹೆಚ್ಚಿನ ಮರ್ಯಾದೆ.

ಕೆಂಪು ಎಂದರೆ ಶೌರ್ಯ, ನೀಲಿ ಎಂದರೆ ನಿಷ್ಠೆ ಎಂದು ಎಷ್ಟೋ ಕಡೆ ಓದಿದ್ದೇವೆ. ಅದು ನಿಜವೇ?

ಅವು ಬಹುಪಾಲು ನಂತರದ ಲೇಖಕರು ಕಟ್ಟಿದ ಮಾತುಗಳು. ಮಧ್ಯಯುಗದ ಯೋಧ ಬಣ್ಣವನ್ನು ಆರಿಸಿಕೊಂಡದ್ದು ದೂರದಿಂದ ಎದ್ದು ಕಾಣಲಿ ಎಂದು, ಅಥವಾ ತನ್ನ ಒಡೆಯನ ಲಾಂಛನದ ಬಣ್ಣ ಅದಾಗಿತ್ತು ಎಂದು. ಬಣ್ಣಗಳ ವಿಷಯದಲ್ಲಿ ನಿಜವಾಗಿ ತಿಳಿಯಬೇಕಾದದ್ದು ಅವುಗಳ ವರ್ಗ ಮತ್ತು ನಿಯಮ. ಚಿನ್ನ ಮತ್ತು ಬೆಳ್ಳಿ ಲೋಹಗಳು. ಚಿತ್ರದಲ್ಲಿ ಅವನ್ನು ಹಳದಿ ಮತ್ತು ಬಿಳಿಯಾಗಿ ಬಳಿಯಬಹುದು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಇವು ಬಣ್ಣಗಳು. ಇವಲ್ಲದೆ ಬಿಳಿಯ ಮೇಲೆ ಕಪ್ಪು ಚುಕ್ಕೆಗಳಿರುವ ಎರ್ಮಿನ್‌ನಂಥ ತುಪ್ಪಳದ ಮಾದರಿಗಳೂ ಇವೆ.

ನಿಯಮ ಇಷ್ಟೇ: ಲೋಹದ ಮೇಲೆ ಲೋಹ ಕೂಡದು, ಬಣ್ಣದ ಮೇಲೆ ಬಣ್ಣ ಕೂಡದು. ನೀಲಿ ನೆಲದ ಮೇಲೆ ಚಿನ್ನದ ಸಿಂಹ ಸರಿ. ನೀಲಿಯ ಮೇಲೆ ಕಪ್ಪು ಸಿಂಹ ಸಲ್ಲದು. ನಮ್ಮ ಊರಿನ ಹೆದ್ದಾರಿ ಫಲಕಗಳಲ್ಲಿ ಹಸಿರಿನ ಮೇಲೆ ಬಿಳಿ ಅಕ್ಷರ ಬರೆಯುವುದರ ಹಿಂದೆ ಯಾವ ತರ್ಕವಿದೆಯೋ ಇಲ್ಲಿರುವುದೂ ಅದೇ ತರ್ಕ. ಈ ನಿಯಮವನ್ನು ಮುರಿದ ಪ್ರಸಿದ್ಧ ಉದಾಹರಣೆ ಜೆರುಸಲೇಮ್ ರಾಜ್ಯದ್ದು: ಬೆಳ್ಳಿಯ ನೆಲದ ಮೇಲೆ ಚಿನ್ನದ ಶಿಲುಬೆಗಳು.

ಕಪ್ಪು-ಬಿಳುಪು ಮುದ್ರಣದಲ್ಲಿ ಅಥವಾ ಲೋಹದ ಕೆತ್ತನೆಯಲ್ಲಿ ಬಣ್ಣ ತಿಳಿಯುವುದು ಹೇಗೆ?

ಭೂತಗನ್ನಡಿ ಹಿಡಿದು ನೋಡಿದರೆ ತಿಳಿಯುತ್ತದೆ. ಹದಿನೇಳನೆಯ ಶತಮಾನದಲ್ಲಿ ಪೆತ್ರ ಸಾಂಕ್ತ ಎಂಬ ಜೆಸ್ವಿಟ್ ಪಾದ್ರಿಯ ಗ್ರಂಥದಿಂದ ಬಳಕೆಗೆ ಬಂದ ಗೆರೆಗಳ ಪದ್ಧತಿಯೊಂದಿದೆ. ಸಣ್ಣ ಚುಕ್ಕೆಗಳಿದ್ದರೆ ಚಿನ್ನ, ಏನೂ ಇಲ್ಲದೆ ಖಾಲಿ ಬಿಟ್ಟಿದ್ದರೆ ಬೆಳ್ಳಿ, ಉದ್ದುದ್ದ ನಿಂತ ಗೆರೆಗಳಿದ್ದರೆ ಕೆಂಪು, ಅಡ್ಡ ಮಲಗಿದ ಗೆರೆಗಳಿದ್ದರೆ ನೀಲಿ, ಎರಡೂ ಸೇರಿ ಜಾಲರಿಯಂತಾಗಿದ್ದರೆ ಕಪ್ಪು. ನಮ್ಮ ಕಣ್ಣಿಗೆ ಎಡ ಮೇಲಿನಿಂದ ಬಲ ಕೆಳಕ್ಕೆ ಇಳಿಯುವ ಓರೆ ಗೆರೆಗಳು ಹಸಿರನ್ನು, ಅದಕ್ಕೆ ವಿರುದ್ಧವಾದ ಓರೆ ನೇರಳೆಯನ್ನು ಸೂಚಿಸುತ್ತವೆ. ಕೂದಲೆಳೆಯಷ್ಟು ಸಣ್ಣ ಗೆರೆಗಳು ಒಂದು ಕಾಲದ ಬಣ್ಣವನ್ನು ಹೀಗೆ ಕಾಪಾಡಿಕೊಂಡು ಬಂದಿರುವುದನ್ನು ಮೊದಲ ಸಲ ಗುರುತಿಸಿದಾಗ ಆಗುವ ಸಂತೋಷ ದೊಡ್ಡದು.

ಹಾಗಾದರೆ ಸಿಂಹಕ್ಕೆ, ಹದ್ದಿಗೆ, ಗುಲಾಬಿಗೆ ಅರ್ಥವೇ ಇಲ್ಲವೇ?

ಇದೆ, ಆದರೆ ಅದನ್ನು ಹುಡುಕುವ ಕಡೆ ಬೇರೆ. ಲಾಂಛನಗಳಲ್ಲಿ ಅತಿ ಹೆಚ್ಚು ಕಾಣುವ ಅರ್ಥ ಶ್ಲೇಷೆ, ಅಂದರೆ ಹೆಸರಿನೊಡನೆ ಮಾಡಿದ ಪದಚಮತ್ಕಾರ. ಸ್ಪೇನಿನ ಕಾಸ್ತೀಲ್ ರಾಜ್ಯದ ಲಾಂಛನದಲ್ಲಿ ಕೋಟೆ, ಲಿಯೋನ್ ರಾಜ್ಯದ ಲಾಂಛನದಲ್ಲಿ ಸಿಂಹ. ಎರಡೂ ಆಯಾ ಹೆಸರಿನ ಉಚ್ಚಾರಣೆಯನ್ನು ಚಿತ್ರದಲ್ಲಿ ಹೇಳುತ್ತವೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರಕ್ಕೆ ಕರಡಿ. ಷೇಕ್ಸ್‌ಪಿಯರನ ತಂದೆಗೆ 1596ರಲ್ಲಿ ಸಿಕ್ಕ ಲಾಂಛನದಲ್ಲಿ ಚಿನ್ನದ ಗುರಾಣಿ, ಅದರ ಮೇಲೆ ಓರೆಯಾದ ಕಪ್ಪು ಪಟ್ಟಿ, ಪಟ್ಟಿಯ ಮೇಲೆ ಈಟಿ. "ಸ್ಪಿಯರ್" ಎಂದರೆ ಈಟಿಯೇ. ಪಂಪನಿಂದ ಮೊದಲಾಗಿ ಶ್ಲೇಷೆಯನ್ನು ಸವಿದು ಬಂದ ಕನ್ನಡ ಓದುಗರಿಗೆ ಇದು ಅಪರಿಚಿತ ರುಚಿಯಲ್ಲ. ಆದ್ದರಿಂದ ಹೊಸ ಲಾಂಛನವೊಂದು ಎದುರಾದಾಗ "ಇದು ಯಾವ ಗುಣವನ್ನು ಸಾರುತ್ತದೆ" ಎಂದು ಕೇಳುವ ಮೊದಲು "ಈ ಮನೆತನದ ಹೆಸರು ಏನು" ಎಂದು ಕೇಳುವುದು ಒಳ್ಳೆಯದು.

ಎರಡನೆಯ ಮೂಲ ಸಂಬಂಧ. ಒಡೆಯನ ಲಾಂಛನವನ್ನು ಸ್ವಲ್ಪ ಬದಲಿಸಿ ಅವನ ಕೈಕೆಳಗಿನವರು ಬಳಸುತ್ತಿದ್ದರು. ಮೂರನೆಯದು ಘಟನೆ; ಅದಕ್ಕೆ ಕನ್ನಡನಾಡಿಗೆ ತೀರ ಹತ್ತಿರದ ಉದಾಹರಣೆಯೊಂದಿದೆ.

ಟಿಪ್ಪುವಿನ ಹುಲಿ ಇಂಗ್ಲಿಷ್ ಮನೆತನವೊಂದರ ಲಾಂಛನದಲ್ಲಿದೆ ಎನ್ನುತ್ತಾರೆ. ಹೌದೇ?

ಹೌದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಸೇನೆಯ ದಂಡನಾಯಕನಾಗಿದ್ದವನು ಜಾರ್ಜ್ ಹ್ಯಾರಿಸ್. ಅವನಿಗೆ 1815ರಲ್ಲಿ ಬ್ಯಾರನ್ ಎಂಬ ಲಾರ್ಡ್ ಪದವಿ ಸಿಕ್ಕಿತು, ಮತ್ತು ಆ ಬಿರುದಿನಲ್ಲೇ ಶ್ರೀರಂಗಪಟ್ಟಣ ಹಾಗೂ ಮೈಸೂರಿನ ಹೆಸರುಗಳನ್ನು ಸೇರಿಸಲಾಯಿತು. ಅವನ ಲಾಂಛನವನ್ನು ತಾಳ್ಮೆಯಿಂದ ಓದಿದರೆ ಈ ಶಾಸ್ತ್ರದ ಬಹುಪಾಲು ಪಾಠ ಅಲ್ಲೇ ಸಿಗುತ್ತದೆ.

ಗುರಾಣಿಯ ನೆಲ ಹಸಿರು. ಅದರ ಮೇಲೆ ಮನೆಯ ಸೂರಿನ ಆಕಾರದ ಪಟ್ಟಿ. ಆ ಪಟ್ಟಿಯ ಅಂಚು ಕೋಟೆಯ ತೆನೆಗಳಂತೆ ಕಚ್ಚುಕಚ್ಚಾಗಿದೆ, ಅದರ ಮೇಲೆ ಉರಿಯುತ್ತಿರುವ ಮೂರು ಕಪ್ಪು ಗುಂಡುಗಳಿವೆ: ಮುತ್ತಿಗೆ ಹಾಕಿದ ಕೋಟೆಯ ಸೂಚನೆ. ಪಟ್ಟಿಯ ಸುತ್ತ ಚಿನ್ನದ ಬಣ್ಣದ ಮೂರು ಮುಳ್ಳಿಲಿಗಳು, ಅಂದರೆ ನಮ್ಮ ಮುಳ್ಳುಹಂದಿಗಿಂತ ಬಹಳ ಚಿಕ್ಕದಾದ, ಮೈತುಂಬ ಮುಳ್ಳಿರುವ ಪ್ರಾಣಿಗಳು. ಯುದ್ಧದ ನಡುವೆ ಮುಳ್ಳಿಲಿಗೇನು ಕೆಲಸ? ಫ್ರೆಂಚ್ ಭಾಷೆಯಲ್ಲಿ ಅದರ ಹೆಸರು "ಎರಿಸೋಂ". ಅದನ್ನು ಹ್ಯಾರಿಸ್ ಎಂಬ ಹೆಸರಿಗೆ ಹೊಂದಿಸಿದ್ದಾರೆ. ಮತ್ತೆ ಶ್ಲೇಷೆಯೇ.

ಇನ್ನು ಶಿಖರಚಿಹ್ನೆ. ಕೋಟೆಗೋಡೆಯ ಆಕಾರದ ಕಿರೀಟದ ಮೇಲೆ ಹಸಿರು ಮೈಯ, ಚಿನ್ನದ ಪಟ್ಟೆಗಳ ಹುಲಿಯೊಂದು ನಡೆಯುತ್ತಿದೆ. ಅದರ ತಲೆಯ ಮೇಲೆ ಪೂರ್ವದೇಶದ ಮಾದರಿಯ ಕಿರೀಟ, ಎದೆಯಲ್ಲಿ ನಾಟಿದ ಬಾಣ, ಗಾಯದಿಂದ ಒಸರುವ ರಕ್ತ. ಹಣೆಯ ಮೇಲೆ ಪಾರಸಿ ಲಿಪಿಯಲ್ಲಿ "ಹೈದರ್" ಎಂಬ ಹೆಸರು. ಟಿಪ್ಪು ತನ್ನ ಸಿಂಹಾಸನ, ಆಯುಧ, ಸೈನಿಕರ ಉಡುಪು ಎಲ್ಲದರ ಮೇಲೂ ಹುಲಿಯ ಗುರುತನ್ನು ಹಾಕಿಸಿದ್ದ. ತಂದೆ ಹೈದರನ ಹೆಸರಿನ ಮೊದಲಕ್ಷರವನ್ನು ನಾಣ್ಯಗಳ ಮೇಲೆ ಒತ್ತಿಸಿದ್ದ. ಆ ಗುರುತುಗಳನ್ನು ಹಾಗೆಯೇ ಎತ್ತಿಕೊಂಡು, ಬಾಣ ಚುಚ್ಚಿ, ಗೆದ್ದವನ ತಲೆಯ ಮೇಲೆ ಇಡಲಾಗಿದೆ. ಆಧಾರಮೂರ್ತಿಗಳಾದ ಇಬ್ಬರು ಸೈನಿಕರು ಹಿಡಿದಿರುವ ಕೋಲುಗಳಲ್ಲಿ ಬ್ರಿಟನ್ನಿನ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಬಾವುಟಗಳು ಮೇಲಿವೆ, ಟಿಪ್ಪುವಿನ ಬಾವುಟ ಮತ್ತು ಅವನು ನೆರವು ಬಯಸಿದ್ದ ಫ್ರಾನ್ಸಿನ ತ್ರಿವರ್ಣ ಧ್ವಜ ಕೆಳಗಿವೆ.

"ಹುಲಿ ಎಂದರೆ ಧೈರ್ಯ" ಎಂಬ ನಿಘಂಟಿನ ಅರ್ಥವನ್ನು ಇಲ್ಲಿ ಹಚ್ಚಿದರೆ ಎಷ್ಟು ದೊಡ್ಡ ಸಂಗತಿ ಕೈತಪ್ಪಿ ಹೋಗುತ್ತದೆ ಎಂಬುದನ್ನು ಗಮನಿಸಬೇಕು. ಆ ಹುಲಿ ಹ್ಯಾರಿಸನ ಗುಣವಲ್ಲ. ಸೋತ ಅರಸನ ಗುರುತು. ಕನ್ನಡನಾಡಿನವರು ಅದನ್ನು ನೋಡುವಾಗ ಮನಸ್ಸು ಭಾರವಾಗುವುದು ಸಹಜ, ಮತ್ತು ಹಾಗೆ ಭಾರವಾಗುವುದೂ ಅದನ್ನು ಸರಿಯಾಗಿ ಓದಿದ್ದರ ಫಲವೇ ಎಂದು ನಾನು ತಿಳಿದಿದ್ದೇನೆ.

ಗುರಾಣಿಯ ಮೇಲೆ ಮೂಲೆಯಲ್ಲೋ ಮೇಲ್ಭಾಗದಲ್ಲೋ ಪುಟ್ಟ ಚಂದ್ರ ಅಥವಾ ನಕ್ಷತ್ರ ಇರುವುದೇಕೆ?

ಅದು ಎಷ್ಟನೆಯ ಮಗ ಎಂಬುದರ ಗುರುತು. ತಂದೆ ಬದುಕಿರುವಾಗ ಎಲ್ಲ ಗಂಡುಮಕ್ಕಳೂ ಒಂದೇ ಲಾಂಛನವನ್ನು ಧರಿಸಿದರೆ ಯಾರು ಯಾರೆಂದು ತಿಳಿಯುವುದಿಲ್ಲವಲ್ಲ. ಇಂಗ್ಲೆಂಡಿನ ಪದ್ಧತಿಯಲ್ಲಿ ಹಿರಿಯ ಮಗನಿಗೆ ಮೂರು ಇಳಿಬಿಲ್ಲೆಗಳಿರುವ ಅಡ್ಡಪಟ್ಟಿ, ಎರಡನೆಯವನಿಗೆ ಬಿದಿಗೆ ಚಂದ್ರ, ಮೂರನೆಯವನಿಗೆ ನಕ್ಷತ್ರ, ನಾಲ್ಕನೆಯವನಿಗೆ ಕಾಲಿಲ್ಲದ ಪುಟ್ಟ ಹಕ್ಕಿ, ಐದನೆಯವನಿಗೆ ಬಳೆ. ಹೀಗೆ ಒಂಬತ್ತನೆಯವನವರೆಗೂ ಗುರುತುಗಳಿವೆ. ಸ್ಕಾಟ್‌ಲೆಂಡಿನಲ್ಲಿ ಇದಕ್ಕೆ ಬದಲಾಗಿ ಗುರಾಣಿಯ ಸುತ್ತ ಬೇರೆ ಬೇರೆ ಬಣ್ಣದ ಅಂಚು ಕಟ್ಟುವ ಕ್ರಮವಿದೆ.

ಕೆಲವು ಗುರಾಣಿಗಳನ್ನು ನಾಲ್ಕು ಭಾಗ ಮಾಡಿರುತ್ತಾರಲ್ಲ?

ಅದು ಮದುವೆ ಮತ್ತು ಹಕ್ಕುಗಳ ದಾಖಲೆ. ಗಂಡ-ಹೆಂಡತಿಯರ ಲಾಂಛನಗಳನ್ನು ಒಂದೇ ಗುರಾಣಿಯಲ್ಲಿ ಅಕ್ಕಪಕ್ಕ ಇಡಬಹುದು. ಹೆಂಡತಿಗೆ ಅಣ್ಣತಮ್ಮಂದಿರಿಲ್ಲದೆ ಅವಳೇ ತವರಿನ ಲಾಂಛನದ ವಾರಸುದಾರಳಾಗಿದ್ದರೆ, ಮಕ್ಕಳು ತಂದೆ ಮತ್ತು ತಾಯಿ ಇಬ್ಬರ ಲಾಂಛನಗಳನ್ನೂ ನಾಲ್ಕು ಚೌಕಗಳಲ್ಲಿ ಹಂಚಿ ಧರಿಸುತ್ತಾರೆ. ಬ್ರಿಟನ್ನಿನ ರಾಜಲಾಂಛನವನ್ನೇ ನೋಡಿ: ಇಂಗ್ಲೆಂಡಿನಲ್ಲಿ ಬಳಸುವ ರೂಪದ ಒಂದನೆಯ ಮತ್ತು ನಾಲ್ಕನೆಯ ಚೌಕಗಳಲ್ಲಿ ಇಂಗ್ಲೆಂಡಿನ ಮೂರು ಸಿಂಹಗಳು, ಎರಡನೆಯದರಲ್ಲಿ ಸ್ಕಾಟ್‌ಲೆಂಡಿನ ಕೆಂಪು ಸಿಂಹ, ಮೂರನೆಯದರಲ್ಲಿ ಐರ್ಲೆಂಡಿನ ಹಾರ್ಪ್ ವಾದ್ಯ. ಮೂರನೆಯ ಎಡ್ವರ್ಡ್ 1340ರಲ್ಲಿ ಫ್ರಾನ್ಸಿನ ಸಿಂಹಾಸನದ ಮೇಲೆ ಹಕ್ಕು ಸಾಧಿಸಿ ಅಲ್ಲಿನ ಲಿಲ್ಲಿ ಹೂಗಳನ್ನು ಸೇರಿಸಿಕೊಂಡ. ಅವುಗಳನ್ನು ಕೈಬಿಟ್ಟದ್ದು 1801ರಲ್ಲಿ.

ಹೆಣ್ಣುಮಕ್ಕಳಿಗೆ ಲಾಂಛನದ ಹಕ್ಕಿಲ್ಲವೇ?

ಇದೆ. ಗುರಾಣಿ ಯುದ್ಧದ ವಸ್ತುವೆಂಬ ಕಾರಣಕ್ಕೆ ಹೆಣ್ಣುಮಕ್ಕಳ ಲಾಂಛನವನ್ನು ಡೈಮಂಡ್ ಆಕಾರದ ಫಲಕದಲ್ಲಿ ತೋರಿಸುವ ರೂಢಿ ಬಂತು. ರಾಜಕುಮಾರ ವಿಲಿಯಂ ಮದುವೆಗೆ ಮುನ್ನ, 2011ರ ಏಪ್ರಿಲ್‌ನಲ್ಲಿ, ವಧು ಕೇಟ್ ಅವರ ತಂದೆ ಮೈಕಲ್ ಮಿಡಲ್ಟನ್ ಅವರಿಗೆ ಲಾಂಛನ ಸಿಕ್ಕಿತು. ನೀಲಿ ಮತ್ತು ಕೆಂಪಾಗಿ ಉದ್ದಕ್ಕೆ ಸೀಳಿದ ಗುರಾಣಿ, ನಡುವೆ ಚಿನ್ನದ ಸೂರುಪಟ್ಟಿ, ಸುತ್ತ ಓಕ್ ಮರದ ಮೂರು ಕಾಯಿಗಳು. ಮೂರು ಕಾಯಿಗಳು ಮೂವರು ಮಕ್ಕಳು. ಚಿನ್ನದ ಪಟ್ಟಿ ತಾಯಿಯ ತವರು ಹೆಸರಾದ ಗೋಲ್ಡ್‌ಸ್ಮಿತ್‌ಗೆ ಸೂಚನೆ. ಕೇಟ್ ಮದುವೆಗೆ ಮುಂಚೆ ಇದೇ ಲಾಂಛನವನ್ನು ಡೈಮಂಡ್ ಆಕಾರದಲ್ಲಿ, ಮೇಲೆ ರಿಬ್ಬನ್ ಕಟ್ಟಿದಂತೆ ಧರಿಸಿದ್ದರು. ಇಂದಿನ ಲಾಂಛನಗಳೂ ಹಳೆಯ ವ್ಯಾಕರಣದಲ್ಲೇ ಹುಟ್ಟುತ್ತಿವೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಎಡದಿಂದ ಬರುವ ಓರೆಪಟ್ಟಿ ಅನೈತಿಕ ಸಂತಾನದ ಗುರುತಂತೆ?

ಕಾದಂಬರಿಗಳಿಂದ ಹರಡಿದ ಮಾತು ಅದು. ವಿವಾಹಬಾಹಿರವಾಗಿ ಹುಟ್ಟಿದವರ ಲಾಂಛನಕ್ಕೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಗುರುತುಗಳಿದ್ದವು. ಅಲೆಅಲೆಯಾದ ಅಂಚು ಅವುಗಳಲ್ಲೊಂದು. ಓರೆಪಟ್ಟಿಯನ್ನು ಕಂಡ ತಕ್ಷಣ ಒಂದು ಮನೆತನದ ಬಗ್ಗೆ ತೀರ್ಮಾನಕ್ಕೆ ಬರುವುದು ತಪ್ಪು.

ನನ್ನ ಸ್ನೇಹಿತರ ಅಡ್ಡಹೆಸರಿನ ಲಾಂಛನವನ್ನು ಚೌಕಟ್ಟು ಹಾಕಿಸಿ ಮಾರುತ್ತಾರೆ. ಅದು ಅವರದೇ ಎನ್ನಬಹುದೇ?

ಸಾಮಾನ್ಯವಾಗಿ ಇಲ್ಲ, ಮತ್ತು ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿರಬೇಕಾದರೆ ಅದು ಇದೇ ಆಗಿರಲಿ. ಬ್ರಿಟಿಷ್ ಸಂಪ್ರದಾಯದಲ್ಲಿ ಲಾಂಛನ ಅಡ್ಡಹೆಸರಿಗೆ ಸೇರಿದ್ದಲ್ಲ. ಅದು ಒಬ್ಬ ವ್ಯಕ್ತಿಗೆ ಸಿಕ್ಕು, ಅವನ ನೇರ ಸಂತತಿಗೆ ಇಳಿಯುತ್ತದೆ. ಸ್ಮಿತ್ ಎಂಬ ಹೆಸರಿನ ಎಷ್ಟೋ ಮನೆತನಗಳಿಗೆ ಪರಸ್ಪರ ಸಂಬಂಧವೇ ಇಲ್ಲ. ಅವರಲ್ಲಿ ಒಬ್ಬನ ಲಾಂಛನವನ್ನು ಎಲ್ಲರಿಗೂ ಮಾರುವುದೆಂದರೆ, ನಮ್ಮಲ್ಲಿ ಒಬ್ಬ ಪಾಟೀಲರ ವಂಶವೃಕ್ಷವನ್ನು ಅಚ್ಚು ಹಾಕಿಸಿ ನಾಡಿನ ಪಾಟೀಲರೆಲ್ಲರಿಗೂ ಹಂಚಿದ ಹಾಗೆ.

ಲಾಂಛನ ಎಂಬುದು ಎಷ್ಟು ಖಚಿತವಾದ ಆಸ್ತಿಯಾಗಿತ್ತು ಎಂದು ತಿಳಿಯಲು ಸ್ಕ್ರೋಪ್ ಮತ್ತು ಗ್ರೋವ್ನರ್ ಎಂಬ ಇಬ್ಬರು ಇಂಗ್ಲಿಷ್ ಯೋಧರ ನಡುವಿನ ವ್ಯಾಜ್ಯವನ್ನು ನೋಡಬೇಕು. 1385ರಲ್ಲಿ ದಂಡಯಾತ್ರೆಯೊಂದರಲ್ಲಿ ಇಬ್ಬರೂ ನೀಲಿ ನೆಲದ ಮೇಲೆ ಚಿನ್ನದ ಓರೆಪಟ್ಟಿಯ ಗುರಾಣಿಯನ್ನೇ ಹಿಡಿದು ಬಂದರು. ವಿಚಾರಣೆ ವರ್ಷಗಟ್ಟಲೆ ನಡೆಯಿತು, ನೂರಾರು ಸಾಕ್ಷಿಗಳು ಬಂದರು. 1386ರಲ್ಲಿ ಸಾಕ್ಷಿ ಹೇಳಿದವರಲ್ಲಿ ಕವಿ ಚಾಸರ್ ಕೂಡ ಒಬ್ಬ. ಲಂಡನ್ನಿನ ಫ್ರೈಡೇ ಸ್ಟ್ರೀಟಿನಲ್ಲಿ ನಡೆದು ಹೋಗುವಾಗ ಈ ಲಾಂಛನದ ಫಲಕ ತೂಗುತ್ತಿದ್ದುದನ್ನು ಕಂಡು, ಇದು ಸ್ಕ್ರೋಪ್ ಅವರ ಬಿಡಾರವೇ ಎಂದು ತಾನು ವಿಚಾರಿಸಿದೆನೆಂದೂ, ಅಲ್ಲ, ಗ್ರೋವ್ನರ್ ಎಂಬುವರದು ಎಂಬ ಉತ್ತರ ಬಂತೆಂದೂ, ಆ ಹೆಸರನ್ನು ತಾನು ಕೇಳಿದ್ದು ಅದೇ ಮೊದಲೆಂದೂ ಅವನು ಹೇಳಿದ. 1390ರಲ್ಲಿ ದೊರೆ ಎರಡನೆಯ ರಿಚರ್ಡ್ ಸ್ಕ್ರೋಪ್ ಪರವಾಗಿ ತೀರ್ಪಿತ್ತ. ಗ್ರೋವ್ನರ್ ಮನೆತನ ಪಟ್ಟಿಯನ್ನು ಬಿಟ್ಟು ಚಿನ್ನದ ಗೋಧಿಯ ಸಿವುಡನ್ನು ತನ್ನದಾಗಿಸಿಕೊಂಡಿತು.

ಲಾಂಛನವನ್ನು ಕೊಡುವವರು ಯಾರು? ಭಾರತೀಯರು ಪಡೆಯಬಹುದೇ?

ಇಂಗ್ಲೆಂಡಿನಲ್ಲಿ ಕಾಲೇಜ್ ಆಫ್ ಆರ್ಮ್ಸ್. ಅದು 1484ರಲ್ಲಿ ಮೂರನೆಯ ರಿಚರ್ಡನ ಸನ್ನದಿನಿಂದ ಸ್ಥಾಪನೆಯಾಯಿತು. ಅಲ್ಲಿ 13 ಅಧಿಕಾರಿಗಳಿರುತ್ತಾರೆ. ಸ್ಕಾಟ್‌ಲೆಂಡಿನಲ್ಲಿ ಲಾಂಛನಗಳ ಮುಖ್ಯಾಧಿಕಾರಿಯಾದ ಲಾರ್ಡ್ ಲಯನ್ ಅವರದು ನಿಜವಾದ ನ್ಯಾಯಾಲಯವೇ. 1672ರಿಂದ ಅಲ್ಲಿ ಲಾಂಛನಗಳ ಸಾರ್ವಜನಿಕ ದಾಖಲೆ ಪುಸ್ತಕವಿದೆ, ದಾಖಲಾಗದ ಲಾಂಛನವನ್ನು ಬಳಸುವುದು ಶಿಕ್ಷಾರ್ಹ. ಕೆನಡಾ 1988ರಲ್ಲಿ ತನ್ನದೇ ಪ್ರಾಧಿಕಾರವನ್ನು ಸ್ಥಾಪಿಸಿಕೊಂಡಿತು. ಅಲ್ಲಿನ ಪೌರತ್ವ ಪಡೆದ ಕನ್ನಡಿಗರೂ ಅರ್ಜಿ ಹಾಕಬಹುದು.

ಭಾರತದಲ್ಲಿ ಮನೆತನಗಳಿಗೆ ಲಾಂಛನ ಕೊಡುವ ಸರ್ಕಾರಿ ಸಂಸ್ಥೆ ಇಲ್ಲ, ಮತ್ತು ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ರದ್ದುಪಡಿಸಿದೆ. ಸ್ವಂತಕ್ಕೆ ಒಂದು ಚಿಹ್ನೆಯನ್ನು ರೂಪಿಸಿಕೊಳ್ಳಲು ಅಡ್ಡಿಯೇನಿಲ್ಲ. ಆದರೆ ಅಶೋಕಸ್ತಂಭದ ಸಿಂಹಗಳನ್ನು ಅದರಲ್ಲಿ ಸೇರಿಸುವಂತಿಲ್ಲ. ರಾಷ್ಟ್ರಲಾಂಛನದ ದುರ್ಬಳಕೆಯನ್ನು ತಡೆಯಲು 2005ರ ಕಾನೂನೇ ಇದೆ.

ಮೈಸೂರು ಒಡೆಯರ ಲಾಂಛನವನ್ನು ಇದೇ ಕ್ರಮದಲ್ಲಿ ಓದಬಹುದೇ?

ಖಂಡಿತ ಓದಬಹುದು, ಆದರೆ ಎರಡು ಪದರಗಳಲ್ಲಿ. ಗಂಡಭೇರುಂಡ ನಮ್ಮದೇ ನೆಲದ್ದು. ಬಳ್ಳಿಗಾವೆಯಲ್ಲಿ ಹನ್ನೊಂದನೆಯ ಶತಮಾನದ ಗಂಡಭೇರುಂಡ ಸ್ತಂಭವಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಕೊಕ್ಕು ಮತ್ತು ಉಗುರುಗಳಲ್ಲಿ ಆನೆಗಳನ್ನು ಹಿಡಿದಿದೆ. ವಿಜಯನಗರದ ತರುವಾಯ ಮೈಸೂರಿನ ಒಡೆಯರು ಆ ಗುರುತನ್ನು ಉಳಿಸಿಕೊಂಡದ್ದರಲ್ಲಿ ವಿಜಯನಗರದ ಪರಂಪರೆಗೆ ತಾವು ವಾರಸುದಾರರು ಎಂಬ ಭಾವವನ್ನು ಕಾಣಬಹುದು.

ಆದರೆ ಗುರಾಣಿ, ಎರಡು ಬದಿಯ ಆಧಾರಮೂರ್ತಿಗಳು, ಕೆಳಗಿನ ಧ್ಯೇಯವಾಕ್ಯ ಎಂಬ ಜೋಡಣೆ ಯುರೋಪಿನದು. ರಾಣಿ ವಿಕ್ಟೋರಿಯಾ ಭಾರತದ ಸಾಮ್ರಾಜ್ಞಿ ಎಂದು ಸಾರಲು 1877ರ ಜನವರಿ 1ರಂದು ದೆಹಲಿಯಲ್ಲಿ ನಡೆದ ದರ್ಬಾರಿನಲ್ಲಿ, ಸಂಸ್ಥಾನಿಕರಿಗೆ ಯುರೋಪಿನ ಮಾದರಿಯ ಲಾಂಛನಗಳಿದ್ದ ರೇಷ್ಮೆ ಧ್ವಜಗಳನ್ನು ಕೊಡಲಾಯಿತು. ಬಂಗಾಳದ ಸಿವಿಲ್ ಅಧಿಕಾರಿ ರಾಬರ್ಟ್ ಟೇಲರ್ ಅವುಗಳ ವಿನ್ಯಾಸಕಾರ. ಭಾರತದ ಎಷ್ಟೋ ಸಂಸ್ಥಾನಗಳ ಲಾಂಛನಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವುದು ಆ ಕಾಲದ ಅಭಿರುಚಿಯಿಂದಾಗಿ. ಮೈಸೂರಿನ ಲಾಂಛನದಲ್ಲಿ ಸಿಂಹದ ಒಡಲು, ಆನೆಯ ಮುಖದ ಗಜಕೇಸರಿಗಳು ಆಧಾರಮೂರ್ತಿಗಳಾಗಿ ನಿಂತಿವೆ. "ನ ಬಿಭೇತಿ ಕದಾಚನ", ಅಂದರೆ ಎಂದೂ ಅಂಜುವುದಿಲ್ಲ ಎಂಬ ರಾಜ್ಯದ ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನದು. ಇಂದಿನ ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಗಂಡಭೇರುಂಡ ಮತ್ತು ಗಜಕೇಸರಿಗಳು ಹಾಗೆಯೇ ಇವೆ. ಶಿಖರದಲ್ಲಿ ಅಶೋಕಸ್ತಂಭ ಬಂದಿದೆ, ಕೆಳಗೆ "ಸತ್ಯಮೇವ ಜಯತೇ" ಎಂದಿದೆ.

ಮಂಗಳೂರಿನ, ಬೆಂಗಳೂರಿನ ಬಿಷಪ್ಪರಿಗೂ ಲಾಂಛನಗಳಿವೆಯಲ್ಲ?

ಇವೆ, ಅದು ಕ್ಯಾಥೊಲಿಕ್ ಚರ್ಚಿನ ಪ್ರತ್ಯೇಕ ಶಾಖೆ. ಶಿರಸ್ತ್ರಾಣದ ಬದಲು ಅಗಲ ಅಂಚಿನ ಟೊಪ್ಪಿಗೆ ಇರುತ್ತದೆ, ಅದರಿಂದ ಇಳಿಬಿದ್ದ ಗೊಂಡೆಗಳನ್ನು ಎಣಿಸಿದರೆ ಪದವಿ ತಿಳಿಯುತ್ತದೆ: ಒಂದೊಂದು ಬದಿಗೆ ಆರಿದ್ದರೆ ಬಿಷಪ್, ಹತ್ತಿದ್ದರೆ ಆರ್ಚ್‌ಬಿಷಪ್, ಹದಿನೈದಿದ್ದರೆ ಕಾರ್ಡಿನಲ್. ಈ ಲಾಂಛನ ಸಂತತಿಗೆ ಇಳಿಯುವುದಿಲ್ಲ.

ಹಳೆಯ ಬೆಳ್ಳಿ ತಟ್ಟೆಯೊಂದರ ಮೇಲೆ ಲಾಂಛನವಿದೆ. ಯಾರದೆಂದು ಹುಡುಕಲು ಎಲ್ಲಿಂದ ಶುರುಮಾಡಲಿ?

ಮೊದಲು ಗುರಾಣಿಯ ನೆಲದ ಗೆರೆಗಳನ್ನು ನೋಡಿ ಬಣ್ಣವನ್ನು ಬರೆದುಕೊಳ್ಳಿ. ಆಮೇಲೆ ಮುಖ್ಯ ಪಟ್ಟಿ, ಅದರ ಸುತ್ತಲ ಚಿಹ್ನೆಗಳು ಮತ್ತು ಅವುಗಳ ಸಂಖ್ಯೆ, ಪ್ರಾಣಿಯಾಗಿದ್ದರೆ ಅದರ ಭಂಗಿ. ಹಿಂಗಾಲ ಮೇಲೆ ಎದ್ದ ಸಿಂಹವೂ ನಡೆಯುವ ಸಿಂಹವೂ ಬೇರೆ ಬೇರೆ ಮನೆತನಗಳವು. ಮಗನ ಗುರುತಿನ ಚಂದ್ರವೋ ನಕ್ಷತ್ರವೋ ಇದೆಯೇ ಎಂದು ಹುಡುಕಿ. ಗುರಾಣಿಯ ಮೇಲೆ ಚಿಕ್ಕ ಚೌಕದಲ್ಲಿ ಕೆಂಪು ಅಂಗೈ ಇದ್ದರೆ, ಒಡೆಯ 1611ರಲ್ಲಿ ಶುರುವಾದ, ಮನೆತನದಲ್ಲಿ ಇಳಿದು ಬರುವ ಬ್ಯಾರನೆಟ್ ಪದವಿಯವನು. ಅಷ್ಟರಿಂದಲೇ ಹುಡುಕಾಟ ಬಹಳ ಕಿರಿದಾಗುತ್ತದೆ. ಧ್ಯೇಯವಾಕ್ಯವನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಇಂಗ್ಲೆಂಡಿನಲ್ಲಿ ಅದನ್ನು ಮನೆತನದವರು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದಿತ್ತು. ತಟ್ಟೆಯ ತಳದಲ್ಲಿ ಬೆಳ್ಳಿಯ ಶುದ್ಧತೆಯ ಮುದ್ರೆಗಳ ಜೊತೆಗೆ ವರ್ಷವನ್ನು ಸೂಚಿಸುವ ಒಂದು ಅಕ್ಷರವೂ ಇರುತ್ತದೆ. ಲಾಂಛನ ಹೇಳಿದ ಮನೆತನದಲ್ಲಿ ಆ ವರ್ಷ ಯಾರು ಬದುಕಿದ್ದರು ಎಂದು ನೋಡಿದರೆ, ಆ ತಟ್ಟೆಯಲ್ಲಿ ಊಟ ಮಾಡಿದವರ ಹೆಸರೇ ಸಿಗಬಹುದು.